ಈಟಿಗಳ ನಡುವೆ ಪೂಜೆಯ ಸೌಟು

ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಬೆಳ್ಳಿ ನಾಣ್ಯ ಡಿನೇರಿಯಸ್ ತಿರುಗಿಸಿ ನೋಡಿ: ಟೋಗಾ ಎಂಬ ರೋಮನ್ ಹೊದಿಕೆಬಟ್ಟೆ ಉಟ್ಟ ಇಬ್ಬರು, ನಡುವೆ ಎರಡು ಗುರಾಣಿ, ಎರಡು ಈಟಿ. ಅವಳಿ ದೇವರೆಂದುಕೊಂಡು ಕೈಮುಗಿಯಬೇಕಿಲ್ಲ. ಇವರು ಅವನು ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಗಾಯಸ್ ಮತ್ತು ಲೂಸಿಯಸ್. ಕ್ರಿ.ಪೂ. 2ರಿಂದ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ಅಚ್ಚಾದ ಈ ಮಾದರಿ ದಕ್ಷಿಣ ಭಾರತದ ನಿಧಿಗಳಲ್ಲಿ ಪದೇ ಪದೇ ಸಿಗುತ್ತದೆ.

ಧರ್ಮ ಅಡಗಿರುವುದು ಗುರಾಣಿಗಳ ಮೇಲ್ಗಡೆ, ಅಕ್ಕಿಕಾಳಿನಷ್ಟು ಜಾಗದಲ್ಲಿ. ಒಂದು ಸಿಂಪುಲಮ್, ಅಂದರೆ ದೇವರಿಗೆ ದ್ರಾಕ್ಷಾರಸ ಎರೆಯುವ ಉದ್ದ ಹಿಡಿಯ ಸೌಟು. ನಮ್ಮ ಉದ್ಧರಣೆಯ ದಾಯಾದಿ ಎನ್ನಿ. ಇನ್ನೊಂದು ಲಿಟುಯಸ್, ಹಕ್ಕಿಶಕುನ ನೋಡುವವನು ಆಕಾಶವನ್ನು ಭಾಗ ಮಾಡಿಕೊಳ್ಳುವ ಡೊಂಕುಕೋಲು. ಗಾಯಸ್ ಪಾಂಟಿಫೆಕ್ಸ್ ಎಂಬ ಪುರೋಹಿತ, ಅದಕ್ಕೆ ಸೌಟು. ಲೂಸಿಯಸ್ ಶಕುನಾಧಿಕಾರಿ, ಅದಕ್ಕೆ ಕೋಲು. ರೋಮ್‌ನಲ್ಲಿ ಈ ಪೌರೋಹಿತ್ಯ ರಾಜಕಾರಣಿಗಳ ಹುದ್ದೆ. ಜೂಲಿಯಸ್ ಸೀಸರ್ ಪ್ರಧಾನ ಪುರೋಹಿತನಾದದ್ದೂ ಕ್ರಿ.ಪೂ. 63ರ ಚುನಾವಣೆ ಗೆದ್ದು. ಹಾಗಾಗಿ ಇಲ್ಲಿರುವುದು ಭಕ್ತಿಗಿಂತ ಹೆಚ್ಚಾಗಿ ಉತ್ತರಾಧಿಕಾರಿಗಳ ಪ್ರಚಾರ. ಪಾಪ, ಕ್ರಿ.ಶ. 4ರ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ 163 ಬೆಳ್ಳಿ ನಾಣ್ಯಗಳಲ್ಲಿ ಆಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ಕಾಲದವೂ ಇವೆ. ಆಗಿನ ಡಿನೇರಿಯಸ್ ಸುಮಾರು 3.8 ಗ್ರಾಂ ತೂಗುತ್ತಿತ್ತು, ಬೆಳ್ಳಿ ಬಹುಮಟ್ಟಿಗೆ ಅಪ್ಪಟ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ.

ಇದೇ ಮಾದರಿಯ ಕಳ್ಳನಾಣ್ಯಗಳೂ ಆ ಕಾಲದಲ್ಲೇ ಇದ್ದವು: ಒಳಗೆ ತಾಮ್ರದ ಬಿಲ್ಲೆ, ಸುತ್ತ ಬೆಳ್ಳಿಯ ಹಾಳೆ. ಅಂಟು ಯಾವುದು? ಬೆಳ್ಳಿ ಕರಗಲು 961 ಡಿಗ್ರಿ ಸೆಲ್ಸಿಯಸ್ ಬೇಕು, ತಾಮ್ರಕ್ಕೆ 1,085. ಆದರೆ ಎರಡೂ ತಾಗಿದಲ್ಲಿ ಪರಮಾಣುಗಳು ಬೆರೆತು ಸುಮಾರು 72 ಪಾಲು ಬೆಳ್ಳಿ, 28 ಪಾಲು ತಾಮ್ರದ ಮಿಶ್ರಣವಾದರೆ ಅದು 780 ಡಿಗ್ರಿಗೇ ಕರಗುತ್ತದೆ. ಹಾಳೆಯೂ ಬಿಲ್ಲೆಯೂ ಗಟ್ಟಿಯಾಗಿಯೇ ಉಳಿದು, ನಡುವಿನ ತೆಳು ಪದರ ಮಾತ್ರ ನೀರಾಗಿ ಬೆಸುಗೆಯಾಗುತ್ತದೆ. ಶಾಖ ಕಡಿಮೆಯಾದರೆ ಹಾಳೆ ಏಳುತ್ತದೆ. ಹೆಚ್ಚಾದರೆ ಬೆಳ್ಳಿಯೆಲ್ಲ ತಾಮ್ರದೊಳಗೆ ಇಂಗಿ ಮೈ ಕೆಂಪಾಗುತ್ತದೆ.

ಸುಳಿವು ಮೊದಲು ಸಿಗುವುದು ಅಂಚಿನಲ್ಲಿ, ಆಮೇಲೆ ಚಕ್ರವರ್ತಿಯ ಕೆನ್ನೆಯ ಉಬ್ಬಿನಲ್ಲಿ: ಹಸಿರು ಕಿಲುಬು. ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹುಳಿ ಬಿರುಕಿನೊಳಗೆ ಇಳಿದು ತಾಮ್ರವನ್ನು ತಿಂದರೆ ಬೆಳ್ಳಿ ಸಿಪ್ಪೆಯಂತೆ ಕಳಚುತ್ತದೆ. ಬದಲಿಗೆ ನಾಣ್ಯವನ್ನು ನೂಲಿನಲ್ಲಿ ಕಟ್ಟಿ ನೀರಿನೊಳಗೆ ತೂಗಿ. ಅಪ್ಪಟ 3.80 ಗ್ರಾಂ ನಾಣ್ಯ ಸುಮಾರು 0.37 ಗ್ರಾಂ ಹಗುರಾಗಬೇಕು, 0.41 ದಾಟಿದರೆ ಒಳಗಿರುವುದು ತಾಮ್ರವೇ ಇರಬಹುದು. ನೂಲಿಗೆ ಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ಮೊದಲು ನೂಲನ್ನು ಚೆನ್ನಾಗಿ ನೆನೆಸಿಕೊಳ್ಳಿ.