ಗೆಲ್ಲೋ ಮುಂಚೆ ಬಂದ ಸ್ಪಾನ್ಸರ್, ಗೆದ್ದಮೇಲೆ ಎದ್ದು ಹೋದ

ಮೊನ್ನೆ ಒಬ್ರು ತಂದೆ ಆಫೀಸಿಗೆ ಬಂದಿದ್ರು, ಮಗ ಕಾರ್ಟಿಂಗ್, ಅಂದ್ರೆ ಪುಟ್ಟ ಕಾರುಗಳ ರೇಸು, ಮಾಡ್ತಾನಂತೆ, ಕೈಯಲ್ಲಿ ದಪ್ಪದೊಂದು ಫೈಲು, ಒಳಗೆ ಬರೀ ಸರ್ಟಿಫಿಕೇಟು, ಟ್ರೋಫಿ ಫೋಟೋ. "ಸರ್, ಇಷ್ಟೆಲ್ಲಾ ಗೆದ್ದಿದಾನೆ, ಒಬ್ಬ ಸ್ಪಾನ್ಸರ್ರೂ ಸಿಗ್ತಿಲ್ವಲ್ಲ" ಅಂದ್ರು. ಸ್ಪಾನ್ಸರ್‌ಶಿಪ್ ಡೀಲ್ ಕುದುರಿಸೋದೇ ನನ್ ಕೆಲಸ, ಈ ಮಾತು ನಂಗೆ ಹೊಸದಲ್ಲ. ಅವರಿಗೆ ನಾಸ್ಕಾರ್ ಡ್ರೈವರ್ ಜಿಮ್ಮಿ ಜಾನ್ಸನ್ ಕಥೆ ಹೇಳ್ದೆ.

ನಾಸ್ಕಾರ್ ಅಂದ್ರೆ ಅಮೆರಿಕದ ಸ್ಟಾಕ್ ಕಾರ್ ರೇಸು. ನೋಡೋಕೆ ರೋಡಲ್ಲಿ ಓಡೋ ಕಾರಿನ ಥರಾನೇ, ಒಳಗೆ ಪೂರ್ತಿ ಬೇರೆ ಗಾಡಿ, ಮೈತುಂಬಾ ಕಂಪನಿ ಹೆಸರು, ಟೀಮ್ ನಡೆಯೋದು ಬಹುಪಾಲು ಆ ಹೆಸರುಗಳ ದುಡ್ಡಲ್ಲೇ. ಜಾನ್ಸನ್ ಕ್ಯಾಲಿಫೋರ್ನಿಯಾದವನು, ಮೊದಲು ಬೈಕು, ಆಮೇಲೆ ಮರುಭೂಮಿಲಿ ಟ್ರಕ್ಕು ಓಡಿಸ್ತಿದ್ದ. ನಾಸ್ಕಾರ್‌ನ ಎರಡನೇ ಹಂತದ ಸೀರೀಸಲ್ಲಿ ಗೆದ್ದಿದ್ದು 2001ರಲ್ಲಿ ಒಂದೇ ಒಂದು ರೇಸು, ಫೈಲು ಈ ಹುಡುಗನದ್ದಕ್ಕಿಂತ ತೆಳ್ಳಗಿತ್ತು ಅನ್ನಿ! ಆದ್ರೂ ಚಾಂಪಿಯನ್ ಜೆಫ್ ಗಾರ್ಡನ್ ಕಣ್ಣಿಗೆ ಬಿದ್ದ, ಹೆಂಡ್ರಿಕ್ ಟೀಮು 48ನೇ ನಂಬರಿನ ಕಾರು ಕೊಡ್ತು, ಲೋವ್ಸ್ ಅನ್ನೋ ಕಂಪನಿ ದುಡ್ಡು ಹಾಕ್ತು. ಬೆಂಗಳೂರಲ್ಲೂ ಆಫೀಸ್ ಇದೆಯಲ್ಲ, ಅದೇ ಲೋವ್ಸ್.

ಯಾಕೆ ಹಾಕ್ತು? ಅವರು ಮಾರೋದು ಮೊಳೆ, ಪೇಂಟು, ನಲ್ಲಿ, ಡ್ರಿಲ್ಲಿಂಗ್ ಮಷಿನ್. ಅಲ್ಲಿ ಮನೆ ರಿಪೇರಿ ಜನ ತಾವೇ ಮಾಡ್ಕೋತಾರೆ, ಕೆಲಸದವರನ್ನ ಕರೆಸಿದ್ರೆ ಜೇಬು ಖಾಲಿ, ಭಾನುವಾರ ಕೂತು ರೇಸ್ ನೋಡೋರೂ ಇದೇ ಜನ. ಅಲ್ದೆ ಎದುರಾಳಿ ಹೋಮ್ ಡಿಪೋ ಆಗ್ಲೇ ಇನ್ನೊಬ್ಬ ಡ್ರೈವರ್ ಟೋನಿ ಸ್ಟೀವರ್ಟ್ ಕಾರಿನ ಮೇಲಿತ್ತು, ಸುಮ್ನೆ ಕೂರೋಕಾಗುತ್ತಾ? ಕೆಲವು ರೇಸಲ್ಲಿ 48ರ ಮೇಲೆ ಕೋಬಾಲ್ಟ್ ಅಂತ ದೊಡ್ಡದಾಗಿ ಇರ್ತಿತ್ತು, ಅದು ಲೋವ್ಸ್‌ದೇ ಟೂಲ್ಸ್ ಬ್ರ್ಯಾಂಡು. ಅಂದ್ರೆ ಕಾರು ಅವರಿಗೆ ಓಡೋ ಅಂಗಡಿ.

ಆಮೇಲೆ ಹುಡುಗ ಗೆದ್ದ ನೋಡಿ, ಹೆಂಗೆ ಗೆದ್ದ ಅಂದ್ರೆ 2006ರಿಂದ 2010ರ ತನಕ ಸತತ ಐದು ಚಾಂಪಿಯನ್‌ಶಿಪ್, ಮತ್ತೆ 2013, 2016, ಒಟ್ಟು ಏಳು, ನಾಸ್ಕಾರ್ ದಿಗ್ಗಜರಾದ ರಿಚರ್ಡ್ ಪೆಟ್ಟಿ, ಡೇಲ್ ಅರ್ನ್‌ಹಾರ್ಟ್ ಸಮಕ್ಕೆ. 83 ರೇಸ್ ಗೆಲುವು. ಅಷ್ಟಾದ್ಮೇಲೆ 2018ರ ಮಾರ್ಚಲ್ಲಿ ಲೋವ್ಸ್ ಈ ಸೀಸನ್ ಮುಗಿದ್ರೆ ಸಾಕು ಅಂತ ಎದ್ದುಬಿಡ್ತು. 2017ರ ಜೂನ್ ಆದ್ಮೇಲೆ ಅವನು ಗೆದ್ದಿರಲಿಲ್ಲ, ನಿಜ, ಆದ್ರೆ ಅದೊಂದೇ ಕಾರಣ ಅಂತ ನಾನು ಒಪ್ಪಲ್ಲ. ಹೋಮ್ ಡಿಪೋ 2014ಕ್ಕೇ ಜಾಗ ಖಾಲಿ ಮಾಡಿತ್ತು, ದುಡ್ಡನ್ನ ಬೇರೆ ಕಡೆ ಹಾಕೋಣ ಅಂತ ಕಂಪನಿ ಲೆಕ್ಕಾನೇ ಬದಲಾಗಿತ್ತು. ಡ್ರೈವರ್ ಕೈಲಿ ಅದಕ್ಕೆ ಮದ್ದಿಲ್ಲ.

2019ಕ್ಕೆ ಅಲೈ ಬ್ಯಾಂಕ್ ಬಂತು. ಕಾರ್ ಲೋನ್ ಕೊಡೋರು, ಅವರಿಗೆ ಬೇಕಾಗಿದ್ದ ಜನಾನೂ ಅಲ್ಲೇ ಇದ್ರು. ಜಾನ್ಸನ್ ಅವರ ಬಣ್ಣದಲ್ಲಿ ಎರಡು ವರ್ಷ ಒಂದೂ ರೇಸ್ ಗೆಲ್ಲಲಿಲ್ಲ, 2020ಕ್ಕೆ ನಾಸ್ಕಾರ್‌ನಲ್ಲಿ ಫುಲ್‌ಟೈಮ್ ಓಡಿಸೋದು ಬಿಟ್ಟ, ಅಲೈ ಆ ಕಾರನ್ನ ಬಿಡ್ಲಿಲ್ಲ. 2021ರಲ್ಲಿ ಅದೇ 48ರಲ್ಲಿ ಅಲೆಕ್ಸ್ ಬೋಮನ್ ಅನ್ನೋ ಡ್ರೈವರ್ ಕೂತ, ರಿಚ್‌ಮಂಡ್ ರೇಸಲ್ಲಿ ಗೆದ್ದ.

ತಂದೆ ಸುಮಾರು ಹೊತ್ತು ಸುಮ್ನಿದ್ರು. ಟ್ರ್ಯಾಕಿಗೆ ಯಾರ್ಯಾರು ಬರ್ತಾರೆ ಹೇಳಿ ಅಂದೆ. "ಬೇರೆ ಮಕ್ಕಳ ಅಪ್ಪ ಅಮ್ಮಂದಿರೇ ಸರ್, ಎಲ್ಲಾ ದೊಡ್ಡ ದೊಡ್ಡ ಕಾರಲ್ಲಿ ಬರ್ತಾರೆ." ಹಂಗಾದ್ರೆ ಫೈಲು ಮನೇಲಿಡಿ, ನಿಮ್ಮ ಏರಿಯಾದ ಟೈರ್ ಡೀಲರ್ ಹತ್ರ ಮೊದಲು ಹೋಗೋಣ ಅಂದೆ.