ಚೀಟಿ ನೋಡದೆ ಖಾಲಿ ಬಾಕ್ಸ್ ಎಣಿಸಿದವರು

ಕೋಲಾರದಲ್ಲಿ ಕಥಾ ಕಮ್ಮಟ ಮಾಡುವಾಗೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಸರ್, ಬರೆಯೋಕೆ ವಿಷಯ ಎಲ್ಲಿಂದ ತರ್ತೀರಾ?" ನಮ್ಮ ಜಿಲ್ಲೆಯಲ್ಲಿ ಬರ ಇರೋದು ನೀರಿಗೆ, ವಿಷಯಕ್ಕಲ್ಲ.

2023ರ ಜುಲೈ ನೆನಪಿದೆ ಅಲ್ವಾ? ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆಮೇಲೆ ಕಮ್ಮಟಕ್ಕೆ ಬಂದ ಕಥೆಗಳೆಲ್ಲ ಒಂದೇ ಅಚ್ಚು. ರೈತ ಸಾಲ ತೀರಿಸಿದ, ಇಲ್ಲವೇ ಕಾರು ತಗೊಂಡ. ಒಬ್ಬ ಹುಡುಗಿ ಮಾತ್ರ ರಾತ್ರಿ ತೋಟ ಕಾಯುವ ಅಪ್ಪನ ಬಗ್ಗೆ ಬರೆದಿದ್ದಳು. ಅವನಿಗೆ ಅನುಮಾನ ಇದ್ದದ್ದು ಪಕ್ಕದ ತೋಟದ ಸ್ವಂತ ತಮ್ಮನ ಮೇಲೆ, ಆದರೆ ಹೆಂಡತಿಗೆ ಅದನ್ನು ಹೇಳೋಕೆ ಬಾಯಿ ಬರದೆ ಹಂದಿ ಕಾಟ ಅಂತಾನೆ. ಕಥೆ ಇರೋದು ಆ ಸುಳ್ಳಿನಲ್ಲಿ. ಬೆಲೆ ಏರಿದ್ದು ಬರೀ ಸುದ್ದಿ.

ಅದೇ ಮಾರ್ಕೆಟ್ಟಿನಲ್ಲಿ, ರೇಟು ಬಿದ್ದಿದ್ದ ಒಂದು ದಿನ, ನಾನು ಒಬ್ಬ ರೈತರನ್ನು ನೋಡಿದ್ದೆ. ಹರಾಜು ಮುಗಿಯಿತು, ಮಂಡಿಯವರು ಮಾರಾಟದ ಲೆಕ್ಕದ ಚೀಟಿ ಕೊಟ್ಟರು. ಅವರು ಚೀಟಿ ನೋಡಲೇ ಇಲ್ಲ. ಮಡಚಿ ಜೇಬಿಗೆ ಹಾಕಿ ಖಾಲಿ ಬಾಕ್ಸ್ ಎಣಿಸೋಕೆ ನಿಂತರು. ಒಂದು ಸಲ, ಎರಡು ಸಲ, ಆಮೇಲೆ ಇನ್ನೊಂದು ಸಲ. ಇಷ್ಟನ್ನೇ ಬರೆದಿಟ್ಟುಕೊಂಡೆ. ಎಂಟು ತಿಂಗಳು ಅದು ಸುಮ್ನೆ ಬಿದ್ದಿತ್ತು. ಆಮೇಲೊಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು: ಆ ಚೀಟಿಯನ್ನು ಮನೆಯಲ್ಲಿ ಯಾರು ಕೇಳ್ತಾರೆ? ಅಲ್ಲಿಂದ ಕಥೆ ಓಡಿತು.

ಹಾಗಾಗಿ ನನ್ನ ನೋಟ್ ಬುಕ್ಕಿನಲ್ಲಿ 'ರೈತರ ಕಷ್ಟ' ಅಂತೆಲ್ಲ ಇರಲ್ಲ. ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದ ಮಾತು ಇದ್ದ ಹಾಗೇ, ಜೊತೆಗೆ ನನಗೆ ಅರ್ಥ ಆಗದೆ ಉಳಿದದ್ದು, ಅಷ್ಟೇ. ಅರ್ಥ ಆಗಿಬಿಟ್ಟದ್ದರ ಮೇಲೆ ಕಥೆ ಬರೆದರೆ ಅದು ಭಾಷಣ ಆಗುತ್ತೆ, ನಾನೂ ಬೇಕಾದಷ್ಟು ಬರೆದು ಹರಿದಿದ್ದೀನಿ. ಕೆಜಿಎಫ್ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಆದರೂ ಕಥೆಗಾರರು ಇನ್ನೂ ಸುರಂಗಕ್ಕೇ ಇಳೀತಾರೆ. ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡೆಯ, ಧೂಳು ಏಳುವ ಮೊದಲೇ ಒಣಗಿದ ಬಟ್ಟೆ ಎತ್ತಿಡಬೇಕು ಅಂತ ಗಾಳಿ ನೋಡುತ್ತಾ ನಿಂತ ಹೆಂಗಸನ್ನು ಯಾರೂ ನೋಡಲ್ಲ.

ಮಾತಿನ ವಿಷಯ ಇನ್ನೂ ಮಜಾ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಇರುವ ಊರು ನಮ್ಮದು. ಮುಳಬಾಗಿಲು ಕಡೆಯ ಅಜ್ಜಿಯ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಆಡಿಸಿದರೆ ಅಜ್ಜಿ ಅಲ್ಲೇ ಸತ್ತಳು ಅಂತ ಲೆಕ್ಕ. ಅವಳು ಯಾವಾಗ ಭಾಷೆ ಬದಲಾಯಿಸ್ತಾಳೆ, ಯಾರು ಬಂದಾಗ, ಕೋಪ ಬಂದಾಗಲೋ ದುಡ್ಡಿನ ಮಾತು ಬಂದಾಗಲೋ, ಗಮನಿಸಿ. ನನಗೆ ಎರಡು ಕಥೆ ಸಿಕ್ಕಿದ್ದು ಹಾಗೇ.

ಇನ್ನೊಂದು, ಹೊಳೆದದ್ದನ್ನು ಟೀ ಅಂಗಡಿಯಲ್ಲಿ ಹೇಳಿಬಿಡಬೇಡಿ. ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಚಪ್ಪಲಿ ಕಳೆದುಕೊಂಡ ಮದುಮಗನ ಕಥೆಯನ್ನು ಗೆಳೆಯರಿಗೆ ಅಷ್ಟು ಚೆನ್ನಾಗಿ ಹೇಳಿದ್ದೆ, ಎಲ್ಲರೂ ನಕ್ಕರು. ಮನೆಗೆ ಬಂದು ಕೂತರೆ ಒಂದು ಸಾಲೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ.