ಮಕ್ಕಳ ಪೂಲ್‌ನಲ್ಲಿ ಘಾಟು: ಕ್ಲೋರಿನ್ ಜಾಸ್ತಿಯಾಗಿಲ್ಲ, ಸಾಲುತ್ತಿಲ್ಲ

ನಂದಿಬೆಟ್ಟದ ತಪ್ಪಲಿನ ರೆಸಾರ್ಟು, ಹೋಮ್‌ಸ್ಟೇಗಳಿಂದ ಸೋಮವಾರ ಬಂತೆಂದರೆ ನನಗೆ ಒಂದೇ ಫೋನು: "ಸಾರ್, ಮಕ್ಕಳ ಪೂಲ್ ಘಾಟು ಹೊಡೀತಿದೆ, ಗೆಸ್ಟ್‌ಗಳು ಬೈದು ಹೋದ್ರು. ಔಷಧಿ ಜಾಸ್ತಿಯಾಗಿದೆ ಅಂತ ಹಾಕೋದು ನಿಲ್ಸಿದೀವಿ." ನಿಲ್ಲಿಸಬಾರದ ಹೊತ್ತಿಗೇ ನಿಲ್ಲಿಸಿರುತ್ತಾರೆ!

ಮೂಗಿಗೆ ಹೊಡೆಯುವ ಆ ವಾಸನೆ ಬಹುಪಾಲು ಕ್ಲೋರಮೈನ್‌ದು. ಮಕ್ಕಳ ಮೂತ್ರ, ಬೆವರಿನ ಜೊತೆ ಕ್ಲೋರಿನ್ ಸೇರಿ ಅದು ಹುಟ್ಟುತ್ತದೆ. ಕಣ್ಣು ಕೆಂಪಾಗುವುದೂ ಹೆಚ್ಚಾಗಿ ಅದರಿಂದಲೇ; ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಕೆಟ್ಟರೂ ಉರಿಯುತ್ತದೆ, ಅಳೆಯದೆ ಹೇಳಲಾಗದು. ಕ್ರಿಮಿ ಕೊಲ್ಲಬೇಕಿದ್ದ ಕ್ಲೋರಿನ್ ಮಾತ್ರ ಅಷ್ಟರಲ್ಲಿ ಖರ್ಚಾಗಿರುತ್ತದೆ.

12 ಅಡಿ ಉದ್ದ, 10 ಅಡಿ ಅಗಲ, ಒಂದಡಿ ಆಳದ ತೊಟ್ಟಿಯಲ್ಲಿ ಸುಮಾರು 3,400 ಲೀಟರ್ ನೀರು. ಭಾನುವಾರ 20 ಮಕ್ಕಳು ಇಳಿದರೆ ತಲೆಗೊಂದು ಡ್ರಮ್ ನೀರೂ ಇಲ್ಲ. ಮೇಲೆ ಬಿಸಿಲು, ಬಿಸಿಲಿನಿಂದ ಕ್ಲೋರಿನ್ ಕಾಯುವ ಸ್ಟೆಬಿಲೈಸರ್ ನೀರಿನಲ್ಲಿ ಇಲ್ಲದಿದ್ದರೆ ನಡುಮಧ್ಯಾಹ್ನ ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹಾರಿಹೋಗುತ್ತದೆ. ಬೆಳಿಗ್ಗೆ ಒಮ್ಮೆ ಹಾಕಿ ಕೈತೊಳೆದುಕೊಂಡರೆ ಆಗದು.

ದಾರಿ ತಪ್ಪಿಸುವುದು ಕ್ಲೋರಿನ್ ಅಳೆಯಲು ಬಳಸುವ, ಹಳದಿ ಬಣ್ಣ ತೋರಿಸುವ ಓಟಿಓ ಕಿಟ್. ಅದು ಕ್ಲೋರಮೈನನ್ನೂ ಸೇರಿಸಿ ಒಟ್ಟು ಲೆಕ್ಕ ಕೊಡುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಡಿಪಿಡಿ ಕಿಟ್ ತನ್ನಿ. 1 ನಂಬರ್ ಮಾತ್ರೆಯಲ್ಲಿ ಬರುವುದು ಫ್ರೀ ಕ್ಲೋರಿನ್, ಅಂದರೆ ಇನ್ನೂ ಖರ್ಚಾಗದೆ ಉಳಿದದ್ದು; ಅದೇ ಟ್ಯೂಬಿಗೆ 3 ನಂಬರ್ ಹಾಕಿದರೆ ಒಟ್ಟು. ಮೊದಲನೆಯದು 0.5, ಎರಡನೆಯದು 1.7 ಬಂತೆನ್ನಿ, ನಡುವಿನ 1.2 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಕ್ಲೋರಮೈನ್. ಅದನ್ನು ಸುಡಲು ಹತ್ತು ಪಟ್ಟು, ಅಂದರೆ 12 ಪಿಪಿಎಂ ಕ್ಲೋರಿನ್ ಬೇಕು. ಈ ತೊಟ್ಟಿಗೆ 10% ಲಿಕ್ವಿಡ್ ಕ್ಲೋರಿನ್ ಸುಮಾರು 400 ಮಿ.ಲೀ. ರಾತ್ರಿ ಪಂಪ್ ಓಡಿಸಿಕೊಂಡು ಹಾಕಿ. ಫ್ರೀ ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಮಕ್ಕಳನ್ನು ಬಿಡಬೇಡಿ. ಪಿಎಚ್ 7.2ರಿಂದ 7.6ರೊಳಗಿರಲಿ; 8 ಮುಟ್ಟಿದರೆ ಕ್ಲೋರಿನ್‌ನ ಕಾಲು ಭಾಗವೂ ಸರಿಯಾಗಿ ದುಡಿಯುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಿಗೆ ಲಿಕ್ವಿಡ್ ಬದಲು ಕ್ಯಾಲ್ಸಿಯಂ ಇರುವ ಕ್ಲೋರಿನ್ ಪುಡಿ ಸುರಿದರೆ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುವುದೂ ಖಂಡಿತ.

ಇಷ್ಟೆಲ್ಲ ರಗಳೆಗಿಂತ ನೀರು ಖಾಲಿ ಮಾಡಿ ತುಂಬುವುದೇ ಎಷ್ಟೋ ಸಲ ಅಗ್ಗ. ಟ್ಯಾಂಕರ್ ನೀರಿಗೆ ಹೊಟ್ಟೆಯುರಿಯುವುದು ಗೊತ್ತು. ಹಳೆ ನೀರನ್ನು ಎರಡು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಸೊನ್ನೆಯಾದ ಮೇಲೆ ತೋಟದ ಗಿಡಗಳಿಗೆ ಹಾಯಿಸಿ. ಅಷ್ಟು ದಿನವೂ ಗೇಟಿಗೆ ಬೀಗವಿರಲಿ. ಮಗುವಿಗೆ ನೀರಿನಲ್ಲೇ ಭೇದಿಯಾಗಿದ್ದರೆ ಮಾತ್ರ ಆ ನೀರು ಸೀದಾ ಚರಂಡಿಗೆ. ತೊಟ್ಟಿ ಉಜ್ಜಿ, ಫಿಲ್ಟರಿಗೆ ನೀರು ಹಿಮ್ಮುಖವಾಗಿ ಹಾಯಿಸಿ ತೊಳೆದೇ (ಬ್ಯಾಕ್‌ವಾಶ್) ಮತ್ತೆ ತುಂಬಬೇಕು.